ಉಳ್ಳಾಗಡ್ಡಿ ಸಿಪ್ಪಿ ಕುದಿಸಿದ ಮನೆ

ಗಜೇಂದ್ರಗಡದ ಕೋಟೆ ಗುಡ್ಡದ ಕೆಳಗೆ, ಎರಡು ಸೈಕಲ್ಲು ಎದುರಾದರೆ ಒಂದು ನಿಲ್ಲಲೇಬೇಕಾದಂಥ ಓಣಿಯಲ್ಲಿ ನಮ್ಮ ಮನೆ ಇತ್ತು. ಹೊಸ್ತಿಲು ದಾಟಿದರೆ ಉದ್ದನೆಯ ಪಡಸಾಲೆ. ಅದರಲ್ಲಿ ನೆಲ ತೋಡಿ ಹೂಡಿದ ಎರಡು ಕುಣಿ ಮಗ್ಗಗಳು ಎದುರುಬದುರು. ಒಂದು ದೊಡ್ಡಪ್ಪನದು, ಇನ್ನೊಂದು ಅಪ್ಪನದು. ಅದರ ಹಿಂದೆ ಅಡಿಗೆಮನೆ, ಆಮೇಲೆ ಹಿತ್ತಲು. ಬೆಳಗಿನಿಂದ ಸಂಜೆಯತನಕ ಎರಡೂ ಮಗ್ಗಗಳ ಲಾಳಿ ಓಡುವ ಸದ್ದು ಕೇಳುತ್ತಿದ್ದರೆ ಅಡಿಗೆಮನೆಯಲ್ಲಿ ನಾವು ನಿಶ್ಚಿಂತೆಯಿಂದ ಇರುತ್ತಿದ್ದೆವು. ದೊಡ್ಡಪ್ಪನ ಮಗ್ಗದ ಸದ್ದು ನಡುವೆ ನಿಂತಿತೋ, ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈಯೂ ನಿಲ್ಲುತ್ತಿತ್ತು. ಎಳೆ ಹರಿದಿದ್ದರೆ ಅವನು ಕುಣಿಯಲ್ಲಿ ಕೂತೇ ಗಂಟು ಹಾಕುತ್ತಿದ್ದ. ಎದ್ದನೆಂದರೆ ಯಾರಿಗಾದರೂ ಹೊಡೆಯಲಿಕ್ಕೇ ಎದ್ದ ಎಂದು ಅರ್ಥ.

ಹೆಚ್ಚಾಗಿ ಹೊಡೆಸಿಕೊಳ್ಳುತ್ತಿದ್ದವನು ನನ್ನ ಅಪ್ಪ. ಮದುವೆಯಾಗಿ ಎರಡು ಹೆಣ್ಣುಮಕ್ಕಳ ತಂದೆಯಾದ ಮೇಲೂ ಅಣ್ಣನ ಎದುರು ತಲೆ ತಗ್ಗಿಸಿ ನಿಂತು ಕಪಾಳಕ್ಕೆ ಹೊಡೆಸಿಕೊಳ್ಳುತ್ತಿದ್ದ. ಅಂಚಿನ ಬಣ್ಣ ಒಂದೆಳೆ ಆಚೀಚೆಯಾದರೆ ಏಟು, ಊಟದಿಂದ ಎದ್ದು ಮಗ್ಗಕ್ಕೆ ಕೂರಲು ತಡವಾದರೆ ಏಟು. "ತಪ್ಪಾತ ಬಿಡಣ್ಣ" ಎಂದಷ್ಟೇ ಅಪ್ಪ ಹೇಳುತ್ತಿದ್ದ. ಆಮೇಲೆ ನೇರ ಅಡಿಗೆಮನೆಗೆ ಬಂದು ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು ಅವ್ವನ ಬೆನ್ನಿಗೆ ಗುದ್ದುತ್ತಿದ್ದ. ಅವ್ವ ಒಲೆ ಊದುವ ಕೊಳವೆಯಿಂದ ನನಗೆ ಹೊಡೆಯುತ್ತಿದ್ದಳು. ನಾನು ತಂಗಿ ಶಾಂತಾಳನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅವಳನ್ನು ಬೀಸುವ ಕಲ್ಲಿನ ಮೇಲೆ ದೂಡಿದೆ. ಹುಬ್ಬಿನ ಮೇಲೆ ಸೀಳಿ ಕಣ್ಣು ತುಂಬ ರಕ್ತ ಬಂತು. ಅವಳ ಅರಳಿದ ಕಣ್ಣು ನೋಡಿ ನನಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಮೊದಲು ಎದೆ ಹಗುರಾಯಿತು. ಶಾಂತಾ ಈಗಲೂ ಆ ಗಾಯ ತೋರಿಸಿ, ಸಣ್ಣವಳಿದ್ದಾಗ ಬಿದ್ದಿದ್ದೆ ಎಂದು ತನ್ನ ಮಕ್ಕಳಿಗೆ ಹೇಳುತ್ತಾಳೆ. ನಾನು ತಿದ್ದಿಲ್ಲ.

ದೊಡ್ಡಪ್ಪನ ಹೆಂಡತಿ ಗಂಗವ್ವ, ನಮ್ಮ ದೊಡ್ಡವ್ವ, ಈ ಸಾಲಿನಲ್ಲಿ ಇರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ, ಮುಂದಿನ ಎರಡು ಹಲ್ಲೂ ಇರಲಿಲ್ಲ. ಮೊದಲಿನ ವರ್ಷಗಳಲ್ಲೇ ಬೇಕಾದಷ್ಟು ಹೊಡೆಸಿಕೊಂಡು ಮುಗಿಸಿದ್ದಳು. ಎಷ್ಟು ಹೊಡೆದರೂ ಅಳದ ಹೆಂಗಸನ್ನು ಹೊಡೆದು ದೊಡ್ಡಪ್ಪನಿಗೇ ಬೇಸರ ಬಂದಿತ್ತೆಂದು ಕಾಣುತ್ತದೆ. ಅವಳು ಗೋಡೆ ಬದಿಗೆ ಕೂತು ರಾಟೆ ತಿರುಗಿಸಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವ್ವನೂ ಅಡಿಗೆ ಮುಗಿಸಿ ಅದನ್ನೇ ಮಾಡುತ್ತಿದ್ದಳು. ಮನೆಯ ಹೆಂಗಸರ ಕೆಲಸ ಅಷ್ಟೇ. ಬಣ್ಣದ ನೂಲು ಪೇಟೆಯಿಂದ ಬರುತ್ತಿತ್ತು, ಸೀರೆ ಪೇಟೆಗೆ ಹೋಗುತ್ತಿತ್ತು.

ಅವ್ವನ ತವರು ಸೂಡಿ. ಅವಳ ಅಣ್ಣ, ನನ್ನ ಸೋದರಮಾವ, ಹೊಲದಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಿದ್ದ. ಗಡ್ಡೆ ಕಿತ್ತು, ಒಣಗಿಸಿ, ಚೀಲ ತುಂಬಿ ರೋಣದ ಮಾರುಕಟ್ಟೆಗೆ ಹಾಕಿದ ಮೇಲೆ ಹೊಲದ ಬದುವಿನಲ್ಲಿ ಮೊಣಕಾಲುದ್ದ ಸಿಪ್ಪೆ ಉಳಿಯುತ್ತಿತ್ತು. ಗಾಳಿ ಬಂದರೆ ಅದು ಊರ ತುಂಬ ಹಾರಾಡುತ್ತಿತ್ತು. ದನ ತಿನ್ನುವುದಿಲ್ಲ, ಗೊಬ್ಬರಕ್ಕೆ ಹಾಕಿದರೆ ಬೇಗ ಕೊಳೆಯುವುದಿಲ್ಲ. ಎಲ್ಲರೂ ಬೆಂಕಿ ಹಚ್ಚುತ್ತಿದ್ದರು. ಒಮ್ಮೆ ಸುಗ್ಗಿಯಲ್ಲಿ ಅಕಾಲದ ಮಳೆ ಬಿದ್ದು ಅಣ್ಣನಿಗೆ ಕೈಜೋಡಿಸಲು ಹೋದ ಅವ್ವ, ಒದ್ದೆ ಸಿಪ್ಪೆಯ ರಾಶಿಯ ಮೇಲೆ ಕೂತೇ ಗಡ್ಡೆ ಆರಿಸಿದಳು. ಅವಳ ಸೀರೆಗೆ ಅಂಟಿದ ಕಲೆ ಸಾಬೂನಿಗೂ ಹೋಗಲಿಲ್ಲ, ಸೋಡಾಕ್ಕೂ ಹೋಗಲಿಲ್ಲ. ಮನೆಯಲ್ಲಿ ಆ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಅವ್ವ ಬಹಳ ಹೊತ್ತು ನೋಡುತ್ತಿದ್ದದ್ದು ನನಗೆ ನೆನಪಿದೆ.

"ನೋಡ ಗೌರಿ, ಪ್ಯಾಟಿ ಬಣ್ಣ ನಾಕ ಒಗತಕ್ಕ ಹೊಕ್ಕೈತಿ. ಇದು ಹೋಗವಲ್ದು," ಎಂದಳು.

ಮುಂದಿನ ಸಲ ತವರಿನಿಂದ ಬರುವಾಗ ಒಂದು ಚೀಲ ಸಿಪ್ಪೆ ತಂದಳು. ಇಷ್ಟು ಹಗುರದ ಚೀಲಕ್ಕೆ ಇಷ್ಟು ಜಾಗ ಯಾಕವ್ವ ಎಂದು ಬಸ್ಸಿನ ಕಂಡಕ್ಟರ್ ಗೊಣಗಿದ. ಹಿತ್ತಲ ಮೂಲೆಯಲ್ಲಿ, ಗಂಡಸರು ಮಗ್ಗದಲ್ಲಿರುವ ಹೊತ್ತು ನೋಡಿ, ಡಬ್ಬಿಯಲ್ಲಿ ಒಂದೊಂದು ಹಿಡಿ ಕುದಿಸಿ ಹರಿದ ಎಳೆಗಳನ್ನು ಅದ್ದಿ ಒಣಗಿಸುತ್ತಿದ್ದಳು. ಮೊದಮೊದಲು ಬಂದದ್ದು ಕೊಳೆ ಬಣ್ಣ. ನೂಲಿಗೆ ಬಣ್ಣ ಹಿಡಿಯಲೆಂದು ಪಟಿಕದ ಪುಡಿ ಹಾಕಿದಾಗ ಸ್ವಲ್ಪ ಹಳದಿ ಏರಿತು. ಒಗೆದರೆ ಅರ್ಧ ಇಳಿಯಿತು. ಎಳೆಗಳನ್ನು ಹಳೆಯ ಪಂಚಾಂಗದ ಹಾಳೆಯೊಳಗಿಟ್ಟು ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸುತ್ತಿದ್ದಳು. ಅವ್ವ ನನಗೆ ಹೊಡೆಯುವುದು ಆ ತಿಂಗಳುಗಳಲ್ಲಿ ಕಡಿಮೆಯಾಗಿತ್ತು. ಆಗ ನನಗೆ ಅದರ ಕಾರಣ ಹೊಳೆಯಲಿಲ್ಲ.

ಅಮಾವಾಸ್ಯೆಯ ದಿನ ನಮ್ಮಲ್ಲಿ ನೇಯುವುದಿಲ್ಲ. ಮಗ್ಗಗಳನ್ನು ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಹೋಳಿಗೆ ಮಾಡಿ ಉಣ್ಣುತ್ತಾರೆ. ಅಂಥ ಒಂದು ಅಮಾವಾಸ್ಯೆ ಗಂಡಸರಿಬ್ಬರೂ ಬೆಳಿಗ್ಗೆ ಹೊರಗೆ ಹೋದರು. ಅವ್ವ ಮೊದಲ ಸಲ ಒಂದು ಲಡಿ, ನೂಲಿನ ಇಡೀ ಕಟ್ಟನ್ನೇ ಅದ್ದಬೇಕೆಂದು ದೊಡ್ಡ ಪಾತೇಲಿಯಲ್ಲಿ ಸಿಪ್ಪೆ ತುಂಬಿ ಅಡಿಗೆಮನೆಯ ಒಲೆಗೇ ಏರಿಸಿದಳು. ಹಿತ್ತಲಲ್ಲಿ ಗಾಳಿ ಜೋರಾಗಿತ್ತು, ಉರಿ ನಿಲ್ಲುತ್ತಿರಲಿಲ್ಲ. ದೊಡ್ಡವ್ವ ಹೂರಣ ರುಬ್ಬುತ್ತಿದ್ದಳು. ಕುದಿ ಬಂದ ಮೇಲೆ ಆ ವಾಸನೆ, ಸಿಹಿಯೂ ಅಲ್ಲದ ಕೊಳೆತದ್ದೂ ಅಲ್ಲದ ಘಾಟು, ಪಡಸಾಲೆ ದಾಟಿ ಓಣಿಗೆ ಹೋಯಿತು. ದೊಡ್ಡಪ್ಪ ನಿರೀಕ್ಷೆಗಿಂತ ಮೊದಲೇ ತಿರುಗಿ ಬಂದ. ಚಪ್ಪಲಿ ಬಿಡದೆ ಒಳಗೆ ಬಂದದ್ದು ನೋಡಿಯೇ ನಾನು ಶಾಂತಾಳ ಕೈಹಿಡಿದು ಗೋಡೆಗೆ ಸರಿದೆ.

"ಏನದು ಒಲಿ ಮ್ಯಾಲ?"

"ಉಳ್ಳಾಗಡ್ಡಿ ಸಿಪ್ಪಿರಿ ಭಾವಾರ. ಒಂದ ಲಡಿ ಅದ್ದಿ ನೋಡೂಣಂತ."

"ಅಮಾಸಿ ದಿನಾ, ಉಣ್ಣೂ ಒಲಿ ಮ್ಯಾಲ ಕಸಾ ಕುದಸ್ತಿಯೇನ?"

ಅವ್ವ ಉತ್ತರ ಕೊಡುವಷ್ಟರಲ್ಲಿ ಅವನು ಪಾತೇಲಿಯನ್ನು ಒದ್ದ. ಬೆಳಗಿನಿಂದ ಕುದ್ದ ಕೆಂಪು ನೀರು ಸಿಪ್ಪೆಯ ಸಮೇತ ಅವ್ವನ ಎರಡೂ ಪಾದಗಳ ಮೇಲೆ ಬಿತ್ತು. ಅವ್ವ ಕೂಗಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಹಿಂದಕ್ಕೆ ಸರಿಯಲು ಹೋಗಿ ಅದೇ ನೀರಿನಲ್ಲಿ ಕೂತುಬಿಟ್ಟಳು. ಬಿಸಿ ಸಿಪ್ಪೆಗಳು ಅವಳ ಕಾಲಿಗೆ ಅಂಟಿಕೊಂಡಿದ್ದವು. ದೊಡ್ಡವ್ವ ಅವನ್ನು ಕೀಳಲು ಹೋದಾಗ ಅವುಗಳ ಜೊತೆ ಚರ್ಮವೂ ಬಂತು.

ಅಪ್ಪ ಆಗಲೇ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನು ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ನೆಯ್ದ ಸೀರೆ ಸುತ್ತಲು ಬಳಸುವ ಹಳೆಯ ಮರದ ದಂಡವೊಂದು ಗೋಡೆಗೆ ಒರಗಿತ್ತು. ಅಪ್ಪ ಅದನ್ನು ಎತ್ತಿಕೊಂಡು ಅಣ್ಣನ ಬೆನ್ನಿಗೆ ಹೊಡೆದ. ದೊಡ್ಡಪ್ಪ ತಿರುಗಿದ. ಹೊಡೆದವನು ತಮ್ಮನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಅಪ್ಪನ ಹೆಸರು ಹಿಡಿದು "ಈರ್‍ಯಾ" ಎಂದ. ಎರಡನೆಯ ಏಟು ಹೆಗಲಿಗೆ, ಮೂರನೆಯದು ಅಡ್ಡ ಹಿಡಿದ ಬಲ ಮೊಣಕೈಗೆ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು. ದೊಡ್ಡಪ್ಪ ಪಡಸಾಲೆಗೆ ನುಸುಳಲು ಹೋಗಿ ಮಗ್ಗದ ಕುಣಿಯೊಳಗೆ ಬಿದ್ದ. ಅಪ್ಪ ನಿಲ್ಲಲಿಲ್ಲ. ಕುಣಿಯ ಅಂಚಿನಲ್ಲಿ ನಿಂತು ಕೆಳಗೆ ಹೊಡೆಯತೊಡಗಿದ, ಬಾವಿಯಲ್ಲಿ ಹಾವು ಕೊಲ್ಲುವವರಂತೆ. ನಾನು ಗೋಡೆಗೆ ಒತ್ತಿ ನಿಂತು ಮನಸ್ಸಿನಲ್ಲೇ "ಇನ್ನೊಂದು, ಇನ್ನೊಂದು" ಎನ್ನುತ್ತಿದ್ದೆ. ಆಮೇಲೆ ದೊಡ್ಡಪ್ಪ ಕೈ ಅಡ್ಡ ಹಿಡಿಯುವುದನ್ನು ಬಿಟ್ಟ. ಆಗ ನನ್ನ ಮನಸ್ಸಿನ ದನಿ ನಿಂತಿತು. ಅಪ್ಪನ ಕೈ ನಿಲ್ಲಲಿಲ್ಲ. ದೊಡ್ಡವ್ವ ಅಡಿಗೆಮನೆಯ ಬಾಗಿಲಲ್ಲಿ ಹೂರಣದ ಕೈಯಲ್ಲೇ ನಿಂತು ನೋಡುತ್ತಿದ್ದಳು. ಅಳಲಿಲ್ಲ, ತಡೆಯಲೂ ಇಲ್ಲ.

ತಡೆದವಳು ಅವ್ವ. ಸುಟ್ಟ ಕಾಲನ್ನು ಎಳೆದುಕೊಂಡು ಮೊಣಕಾಲ ಮೇಲೆ ಬಂದು ಅಪ್ಪನ ಕಾಲು ಹಿಡಿದಳು.

"ಸಾಯ್ತಾರ್ರಿ. ಬಿಡ್ರಿ."

ಅಪ್ಪನಿಗೆ ಕೇಳಿಸಲಿಲ್ಲ. ಅವ್ವ ಅವನ ಮೀನಖಂಡಕ್ಕೆ ಬಾಯಿ ಹಾಕಿ, ರಕ್ತ ಬರುವಂತೆ ಕಚ್ಚಿದಳು. ಆಗ ಅವನು ದಂಡ ಬಿಟ್ಟ.

ಶಾಂತಾಳನ್ನು ನೆರೆಮನೆಯಲ್ಲಿ ಬಿಟ್ಟು ದವಾಖಾನೆಗೆ ನಾವೆಲ್ಲ ಒಂದೇ ಟಂಟಂನಲ್ಲಿ ಹೋದೆವು. ಸುಟ್ಟವಳು, ಮುರಿಸಿಕೊಂಡವನು, ಮುರಿದವನು, ಜೊತೆಗೆ ದೊಡ್ಡವ್ವ ಮತ್ತು ನಾನು. ಜಾಗ ಸಾಲದೆ ದೊಡ್ಡಪ್ಪನ ತಲೆ ಅಪ್ಪನ ತೊಡೆಯ ಮೇಲಿತ್ತು. ಗಾಡಿ ಕುಲುಕಿದಾಗೆಲ್ಲ ಅವನು ನರಳುತ್ತಿದ್ದ, ಅಪ್ಪ ಅವನ ತಲೆ ಜಾರದಂತೆ ಹಿಡಿಯುತ್ತಿದ್ದ. ಅಪ್ಪನ ಮುಖವನ್ನು ನಾನು ಎದುರಿಗೆ ಕೂತು ನೋಡಿದೆ. ಅದರಲ್ಲಿ ಹೆದರಿಕೆ ಇತ್ತು. ಅದರ ಅಡಿಯಲ್ಲಿ, ಬಹಳ ದಿನ ಹಸಿದವನು ಹೊಟ್ಟೆ ತುಂಬ ಉಂಡೆದ್ದಾಗಿನ ಒಂದು ತೃಪ್ತಿಯೂ ಇತ್ತು. ಶಾಂತಾಳನ್ನು ಬೀಸುವ ಕಲ್ಲಿನ ಮೇಲೆ ದೂಡಿದ್ದ ನನಗೆ ಅದರ ಗುರುತಿತ್ತು.

ಡಾಕ್ಟರರು ವಯಸ್ಸಾದವರು. ಅವ್ವನ ಕಾಲು ನೋಡಿದರು, ದೊಡ್ಡಪ್ಪನ ಕೈ ನೋಡಿದರು, ಅವನ ಅಂಗಿ ಎತ್ತಿ ಬೆನ್ನು ನೋಡಿದರು.

"ಹ್ಯಾಂಗಾತು?"

"ಪಾತೇಲಿ ನನ್ನ ಕಾಲಮ್ಯಾಲ ಬಿತ್ತ್ರಿ. ಹಿಡ್ಯಾಕ ಬಂದ ಭಾವಾರು ಜಾರಿ ಮಗ್ಗದ ಕುಣ್ಯಾಗ ಬಿದ್ರು," ಎಂದಳು ಅವ್ವ.

"ಬೆನ್ನ ಮ್ಯಾಲ ಬಾಸುಂಡಿ ಹ್ಯಾಂಗ ಬಂದಾವ?"

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ:

"ಬಿದ್ದೇನ್ರಿ ಸಾಹೇಬ್ರ. ಎದ್ದು ಮತ್ತ ಬಿದ್ದೆ."

ಡಾಕ್ಟರರು ಅಷ್ಟನ್ನೇ ಬರೆದುಕೊಂಡರು.

ಅವ್ವ ಎರಡು ತಿಂಗಳು ನೆಲಕ್ಕೆ ಕಾಲೂರಲಿಲ್ಲ. ದೊಡ್ಡಪ್ಪನ ಮೊಣಕೈ ಕೂಡಿತಾದರೂ ಮಡಚಲು ಬರಲಿಲ್ಲ. ಲಾಳಿ ಹೊಡೆಯುವ ಕೈ ಅದೇ. ಪಡಸಾಲೆಯ ಒಂದು ಬದಿಗೆ ಕಟ್ಟೆಯ ಮೇಲೆ ಅವನು, ಎದುರು ಬದಿಗೆ ಚಾಪೆಯ ಮೇಲೆ ಅವ್ವ, ನಡುವೆ ಅಪ್ಪನ ಒಂದೇ ಮಗ್ಗದ ಸದ್ದು. ಊಟದ ಹೊತ್ತಿಗೆ ಏಳನೆಯ ಇಯತ್ತೆಯ ಹುಡುಗಿ ನಾನು ಒಂದು ಕೈಯಲ್ಲಿ ಅವ್ವನಿಗೆ ರೊಟ್ಟಿ, ಇನ್ನೊಂದು ಕೈಯಲ್ಲಿ ಅವಳನ್ನು ಸುಟ್ಟವನಿಗೆ ರೊಟ್ಟಿ ಕೊಡಬೇಕಾಗಿತ್ತು. ದೊಡ್ಡಪ್ಪನ ತಟ್ಟೆಯ ಶೇಂಗಾ ಹಿಂಡಿಯಲ್ಲಿ ಒಂದೆರಡು ಸಲ ಮಣ್ಣು ಬೆರೆಸಿದೆ. ಅವನು ಸುಮ್ಮನೆ ಉಂಡ.

ಅವ್ವ ಸುಮ್ಮನೆ ಕೂರುವವಳಲ್ಲ. ಉಳಿದ ಸಿಪ್ಪೆಯ ಚೀಲವನ್ನು ನನ್ನಿಂದ ತರಿಸಿಕೊಂಡು ಮೊರದಲ್ಲಿ ಕಸ ಕಡ್ಡಿ ಆರಿಸುತ್ತಿದ್ದಳು. ದೊಡ್ಡಪ್ಪ ನೋಡುತ್ತಿದ್ದ. ಒಂದು ಮಧ್ಯಾಹ್ನ, ಆ ಘಟನೆಯ ನಂತರ ಅವರಿಬ್ಬರ ನಡುವೆ ಮೊದಲ ಮಾತು ಆಯಿತು.

"ಬಿಳೀ ಸಿಪ್ಪಿ ತಗದ ಹಾಕು. ಅದರಾಗ ಬಣ್ಣ ಇಲ್ಲ."

ಅವ್ವ ತಲೆ ಎತ್ತಲಿಲ್ಲ. ಬಿಳಿಯ ಸಿಪ್ಪೆಯನ್ನು ಬೇರೆ ಮಾಡತೊಡಗಿದಳು. ಮರುದಿನ ಮತ್ತೆ ಅವನ ದನಿ.

"ಹತ್ತಿ ನೂಲು ಬಣ್ಣ ಹಂಗ ಹಿಡಿಯೂದಿಲ್ಲ. ಮೊದಲ ಅದಕ್ಕ ಒಗರು ಕುಡಸಬೇಕು. ದಾಳಿಂಬರ ಸಿಪ್ಪಿ ನೆನಿಹಾಕಿ ಆ ನೀರಾಗ ಒಂದ ದಿನಾ ಇಡು. ಆಮ್ಯಾಲ ಪಟಿಕ. ಕಡೀಕ ಇದು."

"ಎಷ್ಟ ಹೊತ್ತ ಕುದಸಬೇಕ್ರಿ?" ಎಂದು ಅವ್ವ ಕೇಳಿದಳು.

ನನಗೆ ಮೈ ಉರಿಯಿತು. ಅವನು ಹಿತ್ತಲಿಗೆ ಹೋದಾಗ ಅವ್ವನ ಬಳಿ ಕೂತು ಹಲ್ಲು ಕಚ್ಚಿ ಕೇಳಿದೆ:

"ಅಂವನ ಮಾತ ಯಾಕ ಕೇಳ್ತಿಯವ್ವಾ? ನಿನ್ನ ಕಾಲ ಸುಟ್ಟಾನ."

"ಸುಟ್ಟಿದ್ದ ಕಾಲ ನಂದು. ನಿನಗ್ಯಾಕ ಅಷ್ಟ ಸಿಟ್ಟು? ಬಣ್ಣ ಗೊತ್ತಿದ್ದವ್ರು ಈ ಮನ್ಯಾಗ ಅವರೊಬ್ರ. ಮತ್ತ್ಯಾರನ್ನ ಕೇಳಲಿ?"

ದೊಡ್ಡಪ್ಪನ ಎಡಗೈಯ ಎರಡು ಬೆರಳು ಬುಡದಲ್ಲಿ ಅಂಟಿಕೊಂಡಿದ್ದವು. ಹುಟ್ಟಿನಿಂದಲೇ ಹಾಗೆ ಎಂದು ನಾನು ತಿಳಿದಿದ್ದೆ. ಜೋಳ ಹಸನು ಮಾಡುತ್ತ ದೊಡ್ಡವ್ವ ಅದರ ವಿಷಯ ಹೇಳಿದಳು. ಪೇಟೆಯ ಬಣ್ಣದ ಪುಡಿ ಬರುವ ಮೊದಲು ನಮ್ಮ ಅಜ್ಜ ಇದೇ ಹಿತ್ತಲಲ್ಲಿ ಸಿಪ್ಪೆ, ತೊಗಟೆ ಕುದಿಸಿ ನೂಲಿಗೆ ಬಣ್ಣ ಹಾಕುತ್ತಿದ್ದನಂತೆ. ಉರಿ ನೋಡುತ್ತಿದ್ದ ದೊಡ್ಡಪ್ಪ ಒಮ್ಮೆ ನಿದ್ದೆಹೋಗಿ ಬಣ್ಣ ತಳ ಹತ್ತಿತು. ಅಜ್ಜ ಅವನ ಕೈ ಹಿಡಿದು ಅದೇ ಪಾತ್ರೆಯಲ್ಲಿ ಅದ್ದಿದ. ಇದನ್ನು ಹೇಳುವಾಗ ದೊಡ್ಡವ್ವನ ಬೆರಳು ಕಲ್ಲು ಆರಿಸುವುದನ್ನು ಬಿಡಲಿಲ್ಲ. ಕೇಳಿದ ಮೇಲೆ ನನ್ನ ಸಿಟ್ಟು ಕರಗಬೇಕಾಗಿತ್ತೇನೋ. ಕರಗಲಿಲ್ಲ. ತನ್ನ ಕೈ ಬೆಂದವನಿಗೆ ಇನ್ನೊಬ್ಬರ ಕಾಲು ಬೇಯುವುದು ಗೊತ್ತಿರಬೇಕಲ್ಲ ಎಂದೇ ಅನಿಸಿತು.

ಅವ್ವ ನಡೆಯತೊಡಗಿದ ಮೇಲೆ ಹಿತ್ತಲಲ್ಲಿ ಬೇರೆ ಒಲೆ ಹೂಡಿದಳು. ದೊಡ್ಡಪ್ಪ ಕಟ್ಟೆಯಿಂದಲೇ ವಾಸನೆ ಹಿಡಿದು ಹೇಳುತ್ತಿದ್ದ, ಈಗ ಇಳಿಸು, ಈಗ ಅದ್ದು. ಮೊದಲ ಲಡಿ ನೆರಳಲ್ಲಿ ಒಣಗಿದಾಗ ಅದರ ಹಳದಿ ಮನೆಯೊಳಗಿನ ಯಾವ ನೂಲಿನಲ್ಲೂ ಇರಲಿಲ್ಲ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಬೆರೆಸಿದರೆ ಅದೇ ಬಣ್ಣ ಹೊಗೆಸೊಪ್ಪಿನ ಹಸಿರಿಗೆ ತಿರುಗುತ್ತಿತ್ತು. ದೊಡ್ಡವ್ವ ಯಾರನ್ನೂ ಕೇಳದೆ ಒಂದು ದಿನ ಗಂಡನ ಮಗ್ಗದ ಕುಣಿಯೊಳಗೆ ಇಳಿದು ಕೂತಳು. ಇಪ್ಪತ್ತು ವರ್ಷ ನೋಡಿ ಕಲಿತ ಕೈ ಅದು. ಎರಡನೆಯ ಮಗ್ಗದ ಸದ್ದು ಮತ್ತೆ ಶುರುವಾಯಿತು. ಕುದಿಸಿ ಬಸಿದ ಸಿಪ್ಪೆಯನ್ನೂ ಅವ್ವ ಬಿಡಲಿಲ್ಲ, ಒಣಗಿಸಿ ಒಲೆಗೇ ಹಾಕಿದಳು. ಇವತ್ತು ನಾನು ನಡೆಸುವ ಬಣ್ಣದ ಶೆಡ್ಡಿಗೆ ರೋಣ, ನರಗುಂದಗಳಿಂದ ಚೀಲಗಟ್ಟಲೆ ಸಿಪ್ಪೆ ಗಾಡಿಯಲ್ಲಿ ಬರುತ್ತದೆ, ಎಲ್ಲೆಲ್ಲಿಯವರೋ ಮೊಬೈಲಿನಲ್ಲಿ ಬಣ್ಣ ನೋಡಿ ಸೀರೆ ತರಿಸಿಕೊಳ್ಳುತ್ತಾರೆ. ಕ್ರಮ ಮಾತ್ರ ದೊಡ್ಡಪ್ಪ ಕಟ್ಟೆಯ ಮೇಲಿಂದ ಹೇಳಿದ್ದೇ. ಮೊದಲು ಒಗರು, ಆಮೇಲೆ ಪಟಿಕ, ಕಡೆಗೆ ಸಿಪ್ಪೆ.

ಮನೆಯಲ್ಲಿ ಬದಲಾದವನು ಅಪ್ಪ. ಅಣ್ಣನನ್ನು ಹೊಡೆದ ಮೇಲೆ ಅವನು ಯಾರೆದುರೂ ತಲೆ ತಗ್ಗಿಸಲಿಲ್ಲ. ಮೊದಲು ಅಡಿಗೆಮನೆಯ ಬಾಗಿಲು ಮುಚ್ಚಿ ಅವ್ವನನ್ನು ಗುದ್ದುತ್ತಿದ್ದವನು ಈಗ ಪಡಸಾಲೆಯಲ್ಲೇ ಹೊಡೆಯುತ್ತಿದ್ದ. ಅವನ ಮಗ್ಗದ ಸದ್ದು ನಿಂತರೆ ನಾವು ಉಸಿರು ಹಿಡಿಯತೊಡಗಿದೆವು. ದೊಡ್ಡವ್ವ ನೆಯ್ದ ಹಳದಿ ಸೀರೆಯನ್ನು ಅವನೇ ಪೇಟೆಗೆ ಒಯ್ದ. ವ್ಯಾಪಾರಿ ಅದನ್ನು ಮಡಿಕೆ ಬಿಚ್ಚಿ ಬಿಚ್ಚಿ ನೋಡಿ, ಇದು ಯಾವ ಪುಡಿಯ ಬಣ್ಣ ಎಂದು ಕೇಳಿದನಂತೆ. ನಮ್ಮ ಮನೆಯವಳು ನೀಲವ್ವ ಸಿಪ್ಪೆ ಕುದಿಸಿದ್ದು ಎಂದು ಅಪ್ಪ ಹೇಳಿದ್ದ. ಹೇಳುವಾಗ ಅವನಿಗೆ ಹೆಮ್ಮೆಯೂ ಆಗಿತ್ತೆಂದು ಆಮೇಲೆ ತಿಳಿಯಿತು. ಆದರೆ ಕೆಲವು ದಿನಗಳ ಮೇಲೆ ಆ ವ್ಯಾಪಾರಿ ತಾನೇ ಬೈಕಿನಲ್ಲಿ ನಮ್ಮ ಓಣಿಗೆ ಬಂದ. ಅಪ್ಪ ಮಗ್ಗದಲ್ಲಿ ಕೂತಿರುವಾಗಲೇ, ಹೊಸ್ತಿಲಲ್ಲಿ ನಿಂತು ಕೇಳಿದ:

"ನೀಲವ್ವಾರು ಅದಾರೇನ್ರಿ? ಅವರ ಜೋಡಿ ಮಾತಾಡೂದಿತ್ತು."

ಅವ್ವ ಬಾಗಿಲ ಮರೆಯಲ್ಲಿ ನಿಂತು ಮಾತಾಡಿದಳು. ಇನ್ನೂ ಹತ್ತು ಸೀರೆ, ಇದೇ ಬಣ್ಣ, ಒಂದೂ ಬೇರೆಯಾಗಬಾರದು ಎಂದು ಹೇಳಿ ಅವನು ಹೋದ. ಬೈಕಿನ ಸದ್ದು ಓಣಿಯ ತಿರುವು ದಾಟುವ ತನಕ ಅಪ್ಪ ಲಾಳಿ ಓಡಿಸಿದ. ಆಮೇಲೆ ಕುಣಿಯಿಂದ ಎದ್ದ.

"ನನ್ನ ಮನಿಗೆ ಬಂದು ನಿನ್ನ ಹೆಸರ ಹಿಡದ ಕೇಳ್ತಾನ. ನಾ ಸತ್ತೇನೇನ?"

ಅವ್ವನ ತುರುಬು ಹಿಡಿದು ಹಿತ್ತಲಿಗೆ ಎಳೆದೊಯ್ದ. ಸುಟ್ಟು ಮಾಗಿದ ಪಾದದ ಚರ್ಮ ಕಾಗದದಷ್ಟು ತೆಳ್ಳಗಿತ್ತು. ಹೊಸ್ತಿಲಿಗೆ ತಾಗಿ ಒಡೆಯಿತು. ಹಗ್ಗದ ಮೇಲೆ ಒಣಗಿದ್ದ ಲಡಿಗಳನ್ನು ಒಂದೊಂದಾಗಿ ಕಿತ್ತು ಬಚ್ಚಲ ರಾಡಿಯಲ್ಲಿ ಹಾಕಿ ತುಳಿದ. ಒಂದು ಲಡಿಯನ್ನು ಅವ್ವನ ಕುತ್ತಿಗೆಗೆ ಸುತ್ತಿ ಎಳೆದ. ಕಟ್ಟೆಯಿಂದ ದೊಡ್ಡಪ್ಪ ಎದ್ದು ಬಂದು ಹಿತ್ತಲ ಬಾಗಿಲಲ್ಲಿ ನಿಂತ.

"ಈರ್‍ಯಾ, ಬಿಡು. ನನ್ನ ನೋಡಾದ್ರೂ ಬಿಡು."

ಅಪ್ಪ ತಿರುಗಿ ನೋಡಲೂ ಇಲ್ಲ.

"ಸುಮ್ನ ಹೋಗಿ ಕೂಡ್ರು. ನಿಂದ ಇನ್ನೊಂದ ಕೈ ಉಳದೈತಿ."

ದೊಡ್ಡಪ್ಪ ಹೋಗಿ ಕೂತ. ಒಂದು ಕಾಲಕ್ಕೆ ಎದ್ದರೆ ಮನೆಯೇ ನಡುಗುತ್ತಿದ್ದ ಮನುಷ್ಯ ಬೈಸಿಕೊಂಡ ಮಗುವಿನಂತೆ ಹೋಗಿ ಕೂತದ್ದನ್ನು ನೋಡಿ, ಇನ್ನು ತಡೆಯುವವರು ಯಾರೂ ಇಲ್ಲ ಎಂದು ನನಗೆ ಅರ್ಥವಾಯಿತು. ಹಿತ್ತಲ ಒಲೆಯ ಮೇಲೆ ಸಣ್ಣ ಪಾತೇಲಿಯಲ್ಲಿ ಬಣ್ಣ ಕುದಿಯುತ್ತಿತ್ತು. ಬಟ್ಟೆ ಹುಡುಕಲಿಲ್ಲ. ಬರಿಗೈಯಲ್ಲಿ ಅದರ ಎರಡೂ ಅಂಚು ಹಿಡಿದು ಎತ್ತಿದೆ. ನಾಲ್ಕು ಹೆಜ್ಜೆ ನಡೆದು ಅಪ್ಪನ ಎದುರು ನಿಂತೆ.

"ಅವ್ವನ್ನ ಬಿಡು."

ಅಪ್ಪ ನನ್ನ ಮುಖ ನೋಡಿದ, ಪಾತೇಲಿ ನೋಡಿದ. ಬೇಡ ಎನ್ನಲಿಲ್ಲ. ಸರಿಯಲೂ ಇಲ್ಲ. ಅಳತೆ ಮಾಡುವವನಂತೆ ನೋಡುತ್ತಲೇ ನಿಂತ. ಕುತ್ತಿಗೆಯ ಸುತ್ತ ನೂಲು ಬಿಗಿದುಕೊಂಡು ನೆಲದ ಮೇಲಿದ್ದ ಅವ್ವ ಮಾತಾಡಿದಳು. ದನಿ ಏರಿಸಲಿಲ್ಲ, ಅಕ್ಕಿ ತೊಳೆದಿಡು ಎನ್ನುವಾಗಿನ ದನಿಯೇ ಅದು.

"ಹಾಕೂದಿದ್ರ ನನ್ನ ಮ್ಯಾಲ ಹಾಕು ಗೌರಿ. ನನಗ ರೂಢಿ ಐತಿ."

ಅಪ್ಪನ ಕೈಯಿಂದ ಲಡಿ ಸಡಿಲಾಯಿತು. ನಾನು ಪಾತೇಲಿಯನ್ನು ನೆಲಕ್ಕಿಟ್ಟೆ. ಅಂಗೈಯ ಚರ್ಮ ಅದರ ಅಂಚಿಗೇ ಉಳಿಯಿತು. ದೊಡ್ಡವ್ವ ಲೋಳಸರ ಸೀಳಿ ತಂದಳು. ಅದನ್ನು ನನ್ನ ಕೈಗೆ ಹಚ್ಚಿದವನು ಅಪ್ಪ. ಬೆರಳು ಬೆರಳಿಗೂ ಹಚ್ಚಿದ. ರಾಡಿಯಾದ ಲಡಿಗಳನ್ನು ಅವ್ವ ಅದೇ ಸಂಜೆ ಒಗೆದಳು. ಬಣ್ಣ ಹೋಗಲಿಲ್ಲ.

ಆಮೇಲೆ ಅಪ್ಪ ಕೈ ಎತ್ತಲೇ ಇಲ್ಲ ಎಂದರೆ ಸುಳ್ಳಾದೀತು. ಕಡಿಮೆಯಾಯಿತು. ಎತ್ತುವ ಮೊದಲು ನಾನು ಎಲ್ಲಿದ್ದೇನೆ ಎಂದು ನೋಡುತ್ತಿದ್ದ. ಅಕ್ಕನಿಗೆ ಅಪ್ಪನ ಮೇಲೆ ಜೀವ, ಅದಕ್ಕೇ ಅವತ್ತು ಹಾಕಲಿಲ್ಲ ಎಂದು ಶಾಂತಾ ಇವತ್ತಿಗೂ ಹೇಳುತ್ತಾಳೆ. ಅವ್ವ ಹಾಗೆಯೇ ನಂಬಿದ್ದಳು. ಕೊನೆಯ ದಿನಗಳಲ್ಲಿ ಅಪ್ಪನೂ ನನ್ನ ಅಂಗೈ ಹಿಡಿದು, ನೀ ನನ್ನ ಉಳಿಸಿದಿ ಎಂದ. ಅವರಾರಿಗೂ ನಾನು ಹೇಳಲಿಲ್ಲ. ನಾನು ಪಾತೇಲಿ ಇಳಿಸಿದ್ದು ಕರುಣೆಯಿಂದಲ್ಲ, ಅವ್ವನ ಮಾತು ಕೇಳಿಯೂ ಅಲ್ಲ. ಕೈ ಸುಡುತ್ತಿತ್ತು, ಹಿಡಿಯಲು ಆಗಲಿಲ್ಲ. ಇನ್ನೊಂದು ಗಳಿಗೆ ತಡೆದುಕೊಳ್ಳಲು ಆಗಿದ್ದರೆ ಏನು ಮಾಡುತ್ತಿದ್ದೆ ಎಂಬುದು ನನಗೆ ಗೊತ್ತು.